ವಾಚಿನ ಓಟ ತಿದ್ದಬೇಕೋ ಬೇಡವೋ: ಹಿಂಬದಿ ತೆರೆಯುವ ಮೊದಲಿನ ಲೆಕ್ಕ

ಕೆಲಸಕ್ಕೆ ಎತ್ತಿಕೊಂಡದ್ದು ಸೇಕೋ (Seiko) ಸಮೂಹದ ಎನ್‌ಎಚ್35 ಮೂವ್‌ಮೆಂಟ್ (ಒಳಗಿನ ಯಂತ್ರ) ಇರುವ ಒಂದು ಆಟೋಮ್ಯಾಟಿಕ್ ವಾಚು, ಕೈಯ ಅಲುಗಾಟದಿಂದಲೇ ಕೀಲಿ ತುಂಬಿಕೊಳ್ಳುವಂಥದ್ದು. ಗಂಟೆಗೆ 21,600 ಬೀಟ್ (ಟಿಕ್), ಘರ್ಷಣೆ ತಗ್ಗಿಸುವ 24 ಜ್ಯುವೆಲ್ (ಕಲ್ಲು), ಪೂರ್ತಿ ಕೀಲಿಯಿದ್ದರೆ ಸುಮಾರು 41 ಗಂಟೆ ಓಡುತ್ತದೆ. ಅದು ದಿನಕ್ಕೆ ಹದಿನೈದು ಸೆಕೆಂಡ್ ಆಸುಪಾಸು ಮುಂದೆ ಹೋಗುತ್ತದೆ. ತಿದ್ದಬೇಕೇ, ತಿದ್ದುವುದಾದರೆ ನಾನೇ ಕೈ ಹಾಕಬೇಕೇ, ರಿಪೇರಿಯವರಿಗೆ ಕೊಡಬೇಕೇ, ಇಲ್ಲ ಹಾಗೇ ಬಿಟ್ಟುಬಿಡಬೇಕೇ? ಇದನ್ನು ತೀರ್ಮಾನಿಸಲು ಮಾಡಿದ ಅಳತೆಗಳ ಮತ್ತು ಆಮೇಲಿನ ಕೆಲಸದ ದಾಖಲೆ ಇದು. ಜೊತೆಗೆ ಒಂದು ಹಳೆಯ ಕೈಕೀಲಿ ವಾಚನ್ನೂ ಅದೇ ಪರೀಕ್ಷೆಗೆ ಒಡ್ಡಿದೆ. ಅದರ ತೀರ್ಮಾನ ಬೇರೆಯೇ ಆಯಿತು.

ಮೊದಲು ಹದಿನೈದು ಸೆಕೆಂಡ್ ಅಂದರೆ ಎಷ್ಟು ಎಂದು ನೋಡೋಣ. ದಿನಕ್ಕೆ 86,400 ಸೆಕೆಂಡ್. ಅದರಲ್ಲಿ 15 ತಪ್ಪಿದರೆ ತಪ್ಪು ಶೇಕಡಾ 0.02ಕ್ಕಿಂತ ಕಡಿಮೆ. ಈ ಮೂವ್‌ಮೆಂಟ್‌ಗೆ ತಯಾರಕರು ಹೇಳುವ ಮಿತಿಯೇ ದಿನಕ್ಕೆ −20ರಿಂದ +40 ಸೆಕೆಂಡ್. ಹಾಗಾಗಿ ನನ್ನ ವಾಚಿನಲ್ಲಿ ದೋಷವಿಲ್ಲ, ಅದು ತನಗೆ ಹಾಕಿದ ಗೆರೆಯೊಳಗೇ ಓಡುತ್ತಿದೆ. ಇದಕ್ಕಿಂತ ಬಿಗಿಯಾದದ್ದು ಸ್ವಿಸ್ ಕ್ರೊನೊಮೀಟರ್ (ಅತಿ ನಿಖರ ವಾಚು) ಪರೀಕ್ಷಾ ಸಂಸ್ಥೆ ಸಿಒಎಸ್‌ಸಿ ಬಳಸುವ ಐಎಸ್‌ಒ 3159 ಮಾನದಂಡ. ಅಲ್ಲಿ ಮೂವ್‌ಮೆಂಟನ್ನು 15 ದಿನ, ಐದು ಭಂಗಿಗಳಲ್ಲಿ, 8, 23 ಮತ್ತು 38 ಡಿಗ್ರಿ ಸೆಲ್ಸಿಯಸ್‌ನಲ್ಲಿ ಓಡಿಸಿ ನೋಡುತ್ತಾರೆ. ಸರಾಸರಿ ಓಟ ದಿನಕ್ಕೆ −4ರಿಂದ +6 ಸೆಕೆಂಡಿನೊಳಗೆ ಇರಬೇಕು. ಸಾಮಾನ್ಯ ಕ್ವಾರ್ಟ್ಸ್ ವಾಚು ತಿಂಗಳಿಗೆ 15 ಸೆಕೆಂಡ್ ಆಚೀಚೆ ಆಗುತ್ತದೆ. ನನ್ನ ಮೆಕ್ಯಾನಿಕಲ್ ವಾಚು ಒಂದು ದಿನಕ್ಕೆ ತಪ್ಪುವಷ್ಟನ್ನು ಅದು ಒಂದು ತಿಂಗಳಿಗೆ ತಪ್ಪುತ್ತದೆ. ಬರೀ ಸಮಯ ಬೇಕಿದ್ದರೆ ಚರ್ಚೆ ಇಲ್ಲಿಗೇ ಮುಗಿಯುತ್ತಿತ್ತು. ಚಕ್ರ, ಸ್ಪ್ರಿಂಗ್, ಎಣ್ಣೆ ಇಷ್ಟರಿಂದಲೇ ನಡೆಯುವ ಯಂತ್ರವೊಂದು ಎಷ್ಟು ಚೆನ್ನಾಗಿ ಓಡಬಲ್ಲದು ಎಂಬ ಆಸೆ ಇರುವವರಿಗಷ್ಟೇ ಮುಂದಿನ ಮಾತು.

ವಾಚು ದಿನಕ್ಕೆ ಎಷ್ಟು ತಪ್ಪುತ್ತದೆ ಎನ್ನುವುದು ತಿದ್ದುವ ಪ್ರಶ್ನೆಯನ್ನು ನಿರ್ಧರಿಸುವುದಿಲ್ಲ. ದಿನದಿನವೂ ಅಷ್ಟೇ ತಪ್ಪುತ್ತದೆಯೇ ಎನ್ನುವುದು ನಿರ್ಧರಿಸುತ್ತದೆ. ಪ್ರತಿದಿನ +15 ಓಡುವ ವಾಚು ಒಳ್ಳೆಯ ವಾಚು, ಅದರ ಶೂನ್ಯ ಮಾತ್ರ ಸ್ವಲ್ಪ ಸರಿದಿದೆ. ಇವತ್ತು +20, ನಾಳೆ −12, ನಾಡಿದ್ದು +3 ಎಂದು ಓಡುವ ವಾಚಿನ ಸರಾಸರಿ ಚೆನ್ನಾಗಿ ಕಂಡೀತು, ಆದರೆ ಅದನ್ನು ಯಾವ ರೆಗ್ಯುಲೇಟರೂ (ಓಟವನ್ನು ಚುರುಕು ಅಥವಾ ನಿಧಾನ ಮಾಡುವ ಒಳಗಿನ ತೋಳು) ತಿದ್ದಲಾರದು. ಹಡಗಿನ ಕ್ರೊನೊಮೀಟರ್ ಬಳಸುತ್ತಿದ್ದವರು ಇದನ್ನು ಚೆನ್ನಾಗಿ ಬಲ್ಲವರಾಗಿದ್ದರು. ಪ್ರಯಾಣದ ನಡುವೆ ಅವರು ಗಡಿಯಾರದ ಮುಳ್ಳು ಮುಟ್ಟುತ್ತಿರಲಿಲ್ಲ. ಅದು ದಿನಕ್ಕೆ ಎಷ್ಟು ಮುಂದೆ ಅಥವಾ ಹಿಂದೆ ಹೋಗುತ್ತದೆ ಎಂಬುದನ್ನು ಬಂದರಿನಲ್ಲೇ ಕಂಡುಕೊಂಡು, ಕಳೆದ ದಿನಗಳಿಂದ ಗುಣಿಸಿ, ಓದಿದ ಸಮಯದಿಂದ ಕಳೆದು ಅಥವಾ ಕೂಡಿಸಿ ರೇಖಾಂಶ ಲೆಕ್ಕ ಹಾಕುತ್ತಿದ್ದರು. ಸಮಭಾಜಕದ ಬಳಿ ನಾಲ್ಕು ಸೆಕೆಂಡ್ ತಪ್ಪಿದರೆ ಒಂದು ನಾಟಿಕಲ್ ಮೈಲಿ ತಪ್ಪಿದಂತೆ. ಅಷ್ಟು ಸೂಕ್ಷ್ಮದ ಕೆಲಸಕ್ಕೂ ಅವರಿಗೆ ಬೇಕಾದದ್ದು ಏಕರೂಪದ ಓಟ.

ಆದ್ದರಿಂದ ಓಟ ಅಳೆಯುವ ಯಂತ್ರವಾದ ಟೈಮ್‌ಗ್ರಾಫರಿಗೂ ಮೊದಲು ಪೆನ್ನು ಕಾಗದ. ಇಂಟರ್ನೆಟ್ ಸಮಯಕ್ಕೆ ಹೊಂದಿಕೊಂಡ ಫೋನಿನ ಗಡಿಯಾರವನ್ನು ಆಧಾರವಾಗಿಟ್ಟುಕೊಂಡು ಒಂದು ವಾರದ ಲೆಕ್ಕ ಬರೆದೆ. ಕ್ರೌನ್ (ಕೀಲಿ ಕೊಡುವ ಬದಿಯ ಗುಂಡಿ) ಎಳೆದರೆ ಸೆಕೆಂಡಿನ ಮುಳ್ಳು ನಿಲ್ಲುತ್ತದೆ, ಹಾಗಾಗಿ ಶುರುವಿನಲ್ಲಿ ಕರಾರುವಾಕ್ಕಾಗಿ ಹೊಂದಿಸುವುದು ಸುಲಭ. ಆಮೇಲೆ ಪ್ರತಿದಿನ ಒಂದೇ ಹೊತ್ತಿಗೆ ವ್ಯತ್ಯಾಸ ಬರೆಯುವುದು, ನಡುವೆ ಮುಳ್ಳು ಮುಟ್ಟದೇ ಇರುವುದು, ಅಷ್ಟೇ. ವಾಚನ್ನು ಎಂದಿನಂತೆಯೇ ಕಟ್ಟಬೇಕು, ರಾತ್ರಿ ಎಂದಿನಂತೆಯೇ ಬಿಚ್ಚಿಡಬೇಕು. ಪರೀಕ್ಷೆ ಎಂದು ವಿಶೇಷ ಆರೈಕೆ ಮಾಡಿದರೆ ಆ ಸಂಖ್ಯೆ ಯಾರ ಉಪಯೋಗಕ್ಕೂ ಬಾರದು.

ವಾರದ ಕೊನೆಗೆ ವಾಚು 1 ನಿಮಿಷ 48 ಸೆಕೆಂಡ್ ಮುಂದಿತ್ತು. ದಿನಕ್ಕೆ ಸರಾಸರಿ +15.4. ಅತಿ ಕಡಿಮೆ ದಿನ +13, ಅತಿ ಹೆಚ್ಚು ದಿನ +18. ಈ ಎರಡು ಸಂಖ್ಯೆಗಳ ನಡುವಿನ ಐದು ಸೆಕೆಂಡೇ ನನಗೆ ಖುಷಿ ಕೊಟ್ಟದ್ದು. ಮಾಮೂಲಿ ದರ್ಜೆಯ ಮೂವ್‌ಮೆಂಟ್ ಒಂದು ವಾರ ಪೂರ್ತಿ ಐದು ಸೆಕೆಂಡಿನ ಅಗಲದಲ್ಲೇ ಓಡಿದೆ ಅಂದರೆ ಒಳಗೆ ಎಲ್ಲವೂ ನೆಟ್ಟಗಿದೆ. ಇದನ್ನು ತಿದ್ದಿದರೆ ಫಲ ಸಿಗುತ್ತದೆ.

ಆದರೆ ತಕ್ಷಣ ತೆರೆಯುವಂತಿಲ್ಲ. ಮುಂದೆ ಓಡುವ ಯಾವ ವಾಚಿಗಾದರೂ ಮೊದಲು ಕೇಳಬೇಕಾದ ಪ್ರಶ್ನೆ, ಅಯಸ್ಕಾಂತ ತಗುಲಿದೆಯೇ? ವಾಚಿನ ತಾಳ ಹಿಡಿಯುವ ಬ್ಯಾಲೆನ್ಸ್ ಚಕ್ರಕ್ಕೆ ಕಟ್ಟಿದ ತೆಳು ಸುರುಳಿಯೇ ಹೇರ್‌ಸ್ಪ್ರಿಂಗ್. ಅದು ಕಾಂತೀಯವಾದರೆ ಅದರ ಸುತ್ತುಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ. ಕೆಲಸ ಮಾಡುವ ಉದ್ದ ಕಡಿಮೆಯಾಗುತ್ತದೆ, ವಾಚು ಓಟ ಕೀಳುತ್ತದೆ, ಕೆಲವೊಮ್ಮೆ ದಿನಕ್ಕೆ ನಿಮಿಷಗಟ್ಟಲೆ. ಫೋನಿನ ಸ್ಪೀಕರ್, ಟ್ಯಾಬ್ಲೆಟ್ ಕವರಿನ ಮುಚ್ಚಳ, ಚೀಲದ ಅಯಸ್ಕಾಂತದ ಗುಂಡಿ, ಇವುಗಳ ಪಕ್ಕದಲ್ಲಿ ಇಟ್ಟರೂ ಸಾಕು. ಕಾಂತನಿರೋಧಕ ವಾಚುಗಳ ಐಎಸ್‌ಒ 764 ಮಾನದಂಡ ಕೇಳುವುದು ಮೀಟರಿಗೆ 4,800 ಆಂಪಿಯರ್ ಕ್ಷೇತ್ರವನ್ನು ತಡೆಯುವ ಶಕ್ತಿ. ಸಣ್ಣ ಬಲವಾದ ಅಯಸ್ಕಾಂತಕ್ಕೆ ತೀರ ಹತ್ತಿರವಾದರೆ ಅದನ್ನು ಮೀರುವುದು ಕಷ್ಟವೇನಲ್ಲ. ಪರೀಕ್ಷೆ ಸುಲಭ. ಮುಳ್ಳಿನ ದಿಕ್ಸೂಚಿಯ ಹತ್ತಿರ ವಾಚನ್ನು ನಿಧಾನವಾಗಿ ತಿರುಗಿಸಿ, ಮುಳ್ಳು ತಡವರಿಸುತ್ತದೆಯೇ ನೋಡುವುದು. ನನ್ನ ದಿಕ್ಸೂಚಿ ಅಲುಗಲಿಲ್ಲ. ಅಲುಗಿದ್ದರೆ ರೆಗ್ಯುಲೇಟರ್ ಮುಟ್ಟುವ ಮಾತೇ ಇರಲಿಲ್ಲ, ಡಿಮ್ಯಾಗ್ನೆಟೈಸರ್ ಮೇಲೆ ಒಮ್ಮೆ ಹಾಯಿಸಿ ವಾರದ ಲೆಕ್ಕವನ್ನು ಹೊಸದಾಗಿ ಬರೆಯಬೇಕಿತ್ತು. ಕಾಂತೀಯವಾದ ವಾಚನ್ನು ರೆಗ್ಯುಲೇಟರಿನಿಂದ ನಿಧಾನಗೊಳಿಸಿದರೆ, ಮುಂದೆ ಯಾರಾದರೂ ಕಾಂತ ತೆಗೆದ ದಿನ ಅದು ನಿಮಿಷಗಟ್ಟಲೆ ಹಿಂದೆ ಬೀಳುತ್ತದೆ.

ಇಷ್ಟಾದ ಮೇಲೆ ಟೈಮ್‌ಗ್ರಾಫರ್. ಇದು ವಾಚಿನ ಟಿಕ್ ಟಿಕ್ ಸದ್ದನ್ನು ಮೈಕಿನಿಂದ ಕೇಳಿ ಮೂರು ಸಂಗತಿ ಹೇಳುತ್ತದೆ. ಮೊದಲನೆಯದು ಓಟದ ದರ, ದಿನಕ್ಕೆ ಎಷ್ಟು ಸೆಕೆಂಡ್ ಹೆಚ್ಚು ಕಡಿಮೆ ಎಂಬುದು. ಎರಡನೆಯದು ಆಂಪ್ಲಿಟ್ಯೂಡ್, ಬ್ಯಾಲೆನ್ಸ್ ಚಕ್ರ ನಡುವಿನಿಂದ ಒಂದು ಬದಿಗೆ ಎಷ್ಟು ಡಿಗ್ರಿ ತೂಗುತ್ತದೆ ಎಂಬುದು. ಮೂರನೆಯದು ಬೀಟ್ ಎರರ್, ಟಿಕ್ ಮತ್ತು ಟಾಕ್ ನಡುವಿನ ಅಸಮತೆ, ಮಿಲಿಸೆಕೆಂಡ್‌ಗಳಲ್ಲಿ. ಫೋನಿನ ಆ್ಯಪ್‌ಗಳೂ ಮೊದಲನೆಯದನ್ನು ತಕ್ಕಮಟ್ಟಿಗೆ ಹೇಳುತ್ತವೆ, ಆದರೆ ಆಂಪ್ಲಿಟ್ಯೂಡ್‌ಗೆ ಒಳ್ಳೆಯ ಮೈಕು ಬೇಕು. ಲಿಫ್ಟ್ ಆ್ಯಂಗಲ್ (ಪ್ರತಿ ಟಿಕ್‌ನಲ್ಲಿ ತಳ್ಳಿಸಿಕೊಳ್ಳುವಾಗ ಬ್ಯಾಲೆನ್ಸ್ ತಿರುಗುವ ಕೋನ) ಸರಿಯಾಗಿ ಕೊಡಬೇಕು, ಈ ಮೂವ್‌ಮೆಂಟ್‌ಗೆ ಅದು 53 ಡಿಗ್ರಿ. ಯಂತ್ರ ಹುಟ್ಟುತ್ತಲೇ ತೋರಿಸುವ 52ರಲ್ಲಿ ಬಿಟ್ಟರೆ ದರ ಬದಲಾಗದು, ಆಂಪ್ಲಿಟ್ಯೂಡ್ ಓದು ಮಾತ್ರ ತಪ್ಪುತ್ತದೆ.

ಪೂರ್ತಿ ಕೀಲಿ ಕೊಟ್ಟು ಸ್ವಲ್ಪ ಹೊತ್ತು ಓಡಲು ಬಿಟ್ಟು, ಪ್ರತಿ ಭಂಗಿಯಲ್ಲೂ ಸಂಖ್ಯೆ ನೆಲೆಗೊಳ್ಳುವವರೆಗೆ ಕಾದು ಬರೆದುಕೊಂಡದ್ದು (ಮೊದಲು ದಿನದ ಓಟ, ಆಮೇಲೆ ಆಂಪ್ಲಿಟ್ಯೂಡ್; ‘ಡಯಲ್ ಮೇಲೆ’ ಅಂದರೆ ಮುಖ ಮೇಲಾಗಿ ಮಲಗಿಸಿದ್ದು):

ಡಯಲ್ ಮೇಲೆ: +19, 275 ಡಿಗ್ರಿ
ಡಯಲ್ ಕೆಳಗೆ: +22, 272 ಡಿಗ್ರಿ
ಕ್ರೌನ್ ಕೆಳಗೆ: +9, 244 ಡಿಗ್ರಿ
ಕ್ರೌನ್ ಮೇಲೆ: +16, 240 ಡಿಗ್ರಿ
12 ಮೇಲೆ: +12, 243 ಡಿಗ್ರಿ
12 ಕೆಳಗೆ: +18, 241 ಡಿಗ್ರಿ

ಬೀಟ್ ಎರರ್ ಎಲ್ಲೆಡೆ 0.4 ಮಿಲಿಸೆಕೆಂಡ್ ಆಸುಪಾಸು. ಆರರ ಸರಾಸರಿ +16, ಕೈಯಲ್ಲಿ ಕಂಡ +15.4ಕ್ಕೆ ತೀರ ಹತ್ತಿರ. ಯಂತ್ರದ ಮಾತೂ ವಾರದ ಲೆಕ್ಕವೂ ಹೀಗೆ ತಾಳೆಯಾದರೆ ಎರಡನ್ನೂ ನಂಬಬಹುದು. ತಾಳೆಯಾಗದಿದ್ದರೆ ನಾನು ವಾರದ ಲೆಕ್ಕವನ್ನೇ ನಂಬುತ್ತೇನೆ. ಟೈಮ್‌ಗ್ರಾಫರ್ ಕೇಳುವುದು ಕೆಲವು ಕ್ಷಣಗಳ ಸದ್ದನ್ನು, ವಾಚು ಓಡುವುದು ಇಡೀ ದಿನ, ಅದೂ ಅಲುಗಾಡುವ ಕೈಯ ಮೇಲೆ.

ಈ ಪಟ್ಟಿಯಲ್ಲಿ ನೋಡಬೇಕಾದದ್ದು ಅತಿ ಹೆಚ್ಚು ಮತ್ತು ಅತಿ ಕಡಿಮೆಯ ಅಂತರ. 22ರಲ್ಲಿ 9 ಕಳೆದರೆ 13 ಸೆಕೆಂಡ್. ಭಂಗಿ ಬದಲಾದರೆ ಓಟ ಯಾಕೆ ಬದಲಾಗುತ್ತದೆ ಎಂಬುದಕ್ಕೆ ಎರಡು ಮೂರು ಕಾರಣಗಳು ಒಟ್ಟಿಗೆ ಸೇರಿರುತ್ತವೆ. ಡಯಲ್ ಮೇಲಿರುವಾಗ ಬ್ಯಾಲೆನ್ಸಿನ ಅಚ್ಚು ತನ್ನ ದುಂಡು ತುದಿಯ ಮೇಲೆ ಕಲ್ಲಿನ ಮೇಲೆ ನಿಂತು ತಿರುಗುತ್ತದೆ, ಘರ್ಷಣೆ ಕಡಿಮೆ. ವಾಚನ್ನು ನಿಲ್ಲಿಸಿ ಹಿಡಿದರೆ ಎರಡೂ ಅಚ್ಚುಗಳು ಕಲ್ಲಿನ ತೂತಿನ ಗೋಡೆಗೆ ಮಲಗುತ್ತವೆ, ಘರ್ಷಣೆ ಹೆಚ್ಚಿ ಆಂಪ್ಲಿಟ್ಯೂಡ್ ಇಳಿಯುತ್ತದೆ. ಇಲ್ಲಿ ಮೂವತ್ತು ಡಿಗ್ರಿಯಷ್ಟು ಇಳಿದಿರುವುದು ಆರೋಗ್ಯದ ಲಕ್ಷಣವೇ. ಇನ್ನೊಂದು ಕಾರಣ ಬ್ಯಾಲೆನ್ಸ್ ಚಕ್ರದ ತೂಕ. ರಿಮ್ಮಿನ ಯಾವುದೋ ಒಂದು ಕಡೆ ಕೂದಲೆಳೆಯಷ್ಟು ಭಾರ ಹೆಚ್ಚಿದ್ದರೂ ಗುರುತ್ವ ಅದನ್ನು ಹುಡುಕಿ ಎಳೆಯುತ್ತದೆ. ಆ ಎಳೆತದ ಪರಿಣಾಮ ಆಂಪ್ಲಿಟ್ಯೂಡ್ 220 ಡಿಗ್ರಿ ಸುತ್ತ ಬಂದಾಗ ಬಹುಮಟ್ಟಿಗೆ ಶೂನ್ಯ. ಅದಕ್ಕಿಂತ ಮೇಲಿದ್ದಾಗ ಒಂದು ದಿಕ್ಕು, ಕೆಳಗಿಳಿದಾಗ ತದ್ವಿರುದ್ಧ ದಿಕ್ಕು. ಇದರ ಜೊತೆಗೆ ಹೇರ್‌ಸ್ಪ್ರಿಂಗ್ ತನ್ನ ಭಾರಕ್ಕೇ ಸ್ವಲ್ಪ ಜೋಲುತ್ತದೆ. ಅಬ್ರಹಾಂ ಲೂಯಿ ಬ್ರೆಗೆ 1801ರಲ್ಲಿ ಟೂರ್ಬಿಯೋನ್‌ಗೆ ಪೇಟೆಂಟ್ ಪಡೆದದ್ದು ಇದೇ ತೊಂದರೆಯನ್ನು ನಿಭಾಯಿಸಲು. ಬ್ಯಾಲೆನ್ಸನ್ನೇ ನಿರಂತರ ತಿರುಗಿಸಿ ಎಲ್ಲ ನಿಂತ ಭಂಗಿಗಳ ತಪ್ಪನ್ನೂ ಸರಾಸರಿ ಮಾಡುವ ಉಪಾಯ ಅದು, ಜೇಬಿನಲ್ಲಿ ನೆಟ್ಟಗೆ ನಿಂತಿರುತ್ತಿದ್ದ ವಾಚಿಗೆ.

ಈಗ ತೀರ್ಮಾನಕ್ಕೆ ಬೇಕಾದ ಮಾತು. ರೆಗ್ಯುಲೇಟರ್ ಸರಿಸಿದರೆ ಈ ಆರೂ ಸಂಖ್ಯೆಗಳು ಒಟ್ಟಿಗೆ ಕೆಳಗೆ ಅಥವಾ ಮೇಲೆ ಹೋಗುತ್ತವೆ. ಅವುಗಳ ನಡುವಿನ 13 ಸೆಕೆಂಡ್ ಹೆಚ್ಚುಕಡಿಮೆ ಹಾಗೇ ಉಳಿಯುತ್ತದೆ. ಆ 13ನ್ನು 5ಕ್ಕೆ ಇಳಿಸಬೇಕೆಂದರೆ ಬ್ಯಾಲೆನ್ಸನ್ನು ತೆಗೆದು ಸಮತೂಕ ಮಾಡಬೇಕು, ಹೇರ್‌ಸ್ಪ್ರಿಂಗಿನ ಹೊರಸುತ್ತನ್ನು ತಿದ್ದಬೇಕು, ರೆಗ್ಯುಲೇಟರ್ ಪಿನ್ನುಗಳ ನಡುವಿನ ಸಂದನ್ನು ಹೊಂದಿಸಬೇಕು. ಅದು ನುರಿತ ಕೈಯ ಗಂಟೆಗಟ್ಟಲೆ ಕೆಲಸ. ಹಲವು ಭಂಗಿಗಳಿಗೆ ಹೊಂದಿಸಿದ ಮೂವ್‌ಮೆಂಟ್ ಎಂದು ಒಳಗೆ ಕೆತ್ತಿದ ಬರಹ ಕಂಡರೆ, ಆ ಶ್ರಮ ಅದರಲ್ಲಿ ಸೇರಿದೆ ಎಂದರ್ಥ. ನನ್ನ ವಾಚಿಗೆ ಆ ಶ್ರಮ ಬೇಡ ಎಂದು ಕೂಡಲೇ ಅನ್ನಿಸಿತು. ಕೈಯ ಮೇಲೆ ದಿನಪೂರ್ತಿ ಭಂಗಿಗಳು ಬೆರೆತುಹೋಗುತ್ತವೆ, ವಾರದ ಲೆಕ್ಕ ಈಗಾಗಲೇ ಐದು ಸೆಕೆಂಡಿನೊಳಗಿದೆ. ಬೇಕಾದದ್ದು ಇಡೀ ಸಾಲನ್ನು ಕೆಳಗೆ ಸರಿಸುವುದಷ್ಟೇ.

ತೆರೆಯದೇ ಸರಿಸಲಾಗುವುದೇ? ರಾತ್ರಿ ಇಡುವ ಭಂಗಿಯಿಂದ ಸ್ವಲ್ಪ ಸಾಧ್ಯ, ಮತ್ತು ಇದನ್ನು ಲೆಕ್ಕ ಹಾಕದೆ ಯಾರೂ ಸ್ಕ್ರೂಡ್ರೈವರ್ ಎತ್ತಬಾರದು ಎಂದು ನಾನು ನಂಬುತ್ತೇನೆ. ನಾನು ರಾತ್ರಿ ಡಯಲ್ ಮೇಲೆ ಮಾಡಿ ಇಡುತ್ತಿದ್ದೆ, ಅಲ್ಲಿ +19. ಕ್ರೌನ್ ಕೆಳಗೆ ಮಾಡಿ ನಿಲ್ಲಿಸಿಟ್ಟರೆ +9. ವ್ಯತ್ಯಾಸ ದಿನಕ್ಕೆ 10 ಸೆಕೆಂಡ್, ಆದರೆ ರಾತ್ರಿ ಅಂದರೆ ಎಂಟು ಗಂಟೆ, ದಿನದ ಮೂರನೇ ಒಂದು ಭಾಗ. ಗಳಿಕೆ ಮೂರು ಸೆಕೆಂಡಿಗೆ ಚೂರು ಮೇಲೆ. +15 ಇದ್ದದ್ದು +12 ಆಗುತ್ತದೆ. +4 ಓಡುವ ವಾಚಿಗೆ ಈ ಉಪಾಯ ಸಾಕಾಗಿ ಉಳಿಯುತ್ತಿತ್ತು, ನನ್ನದಕ್ಕೆ ಸಾಲದು.

ಹಾಗಾದರೆ ತೆರೆಯುವುದೇ. ನಾನೇ ತೆರೆಯಬಹುದೇ ಎಂದು ನಿರ್ಧರಿಸಲು ಮೂರು ವಿಷಯ ನೋಡಿಕೊಂಡೆ. ವಾರಂಟಿ ಮುಗಿದಿದೆ. ಇದು ಈಜಲು ಕಟ್ಟುವ ವಾಚಲ್ಲ. ರೆಗ್ಯುಲೇಟರ್ ಇರುವ ಸಾಮಾನ್ಯ ಬ್ಯಾಲೆನ್ಸ್ ಇದರದು. ಇವುಗಳಲ್ಲಿ ಯಾವುದೇ ಒಂದು ಉಲ್ಟಾ ಇದ್ದರೂ ರಿಪೇರಿಯವರ ಬಳಿಗೇ ಹೋಗುತ್ತಿದ್ದೆ. ಮುಖ್ಯವಾಗಿ ಮೂರನೆಯದು. ಕೆಲವು ಮೇಲ್ದರ್ಜೆಯ ವಾಚುಗಳಲ್ಲಿ ರೆಗ್ಯುಲೇಟರ್ ಸರಳೇ ಇರುವುದಿಲ್ಲ. ರೋಲೆಕ್ಸಿನ ಮೈಕ್ರೋಸ್ಟೆಲ್ಲಾ, ಪಾಟೆಕ್ ಫಿಲಿಪ್ಪಿನ ಜೈರೋಮ್ಯಾಕ್ಸ್ ಅಂಥವು. ಬ್ಯಾಲೆನ್ಸ್ ಚಕ್ರದ ಮೇಲಿರುವ ಪುಟ್ಟ ತೂಕಗಳನ್ನು ಜೋಡಿಜೋಡಿಯಾಗಿ, ಸಮವಾಗಿ ತಿರುಗಿಸಿ ಚಕ್ರದ ಜಡತ್ವವನ್ನೇ ಬದಲಿಸಬೇಕು. ಅದಕ್ಕೆ ಅದರದೇ ಉಪಕರಣ ಬೇಕು. ಅಂಥದ್ದಕ್ಕೆ ಮನೆಯಲ್ಲಿ ಕೈ ಹಾಕುವುದು ಸಲ್ಲದು.

ಮೇಜಿನ ಮೇಲೆ ಇಟ್ಟುಕೊಂಡದ್ದು ಹಿಂಬದಿ ತಿರುಗಿಸುವ ಹೊಂದಾಣಿಕೆಯ ಕೀ, ಲೂಪ್ (ಕಣ್ಣಿಗೆ ಹಿಡಿಯುವ ಭೂತಗನ್ನಡಿ), ಗಾಳಿ ಊದುವ ರಬ್ಬರ್ ಬುಗ್ಗೆ, ಬೆರಳ ಚೀಲ, ಗ್ಯಾಸ್ಕೆಟಿಗೆ ಸಿಲಿಕೋನ್ ಗ್ರೀಸ್, ಮತ್ತು ತುದಿ ಚೂಪಾಗಿ ಕೆತ್ತಿದ ಮರದ ಕಡ್ಡಿ. ಉಕ್ಕಿನ ಸ್ಕ್ರೂಡ್ರೈವರ್ ತುದಿಯಿಂದ ರೆಗ್ಯುಲೇಟರ್ ಸರಿಸುವವರಿದ್ದಾರೆ. ನನಗೆ ಮರವೇ ಒಪ್ಪಿಗೆ. ಅದಕ್ಕೆ ಕಾಂತೀಯತೆ ಇಲ್ಲ, ಜಾರಿದರೂ ಗೀರು ಬೀಳುವುದಿಲ್ಲ. ಕೀಯ ಹಲ್ಲುಗಳು ಜಾರದಂತೆ ಹಿಂಬದಿಯ ಅಂಚಿಗೆ ಟೇಪ್ ಅಂಟಿಸಿದೆ, ಫ್ಯಾನ್ ಆರಿಸಿದೆ.

ಮುಚ್ಚಳ ಬಿಚ್ಚಿದರೆ ಮೊದಲು ಕಾಣುವುದು ರೋಟರ್, ಕೈ ಅಲುಗಿದಾಗ ತಿರುಗಿ ಕೀಲಿ ತುಂಬುವ ತೂಕ. ಅದನ್ನು ಒಂದು ಬದಿಗೆ ತಿರುಗಿಸಿ ನಿಲ್ಲಿಸಿದರೆ ಬ್ಯಾಲೆನ್ಸ್ ತೆರೆದುಕೊಳ್ಳುತ್ತದೆ. ಸೆಕೆಂಡಿಗೆ ಆರು ಬೀಟಿನಂತೆ ತೂಗುತ್ತಿರುವ ಆ ಚಕ್ರ, ಅದರ ಮೇಲೆ ಉಸಿರಾಡುವ ಹೇರ್‌ಸ್ಪ್ರಿಂಗ್. ಎಷ್ಟು ಸಲ ನೋಡಿದರೂ ನನಗೆ ಇದು ಸಾಕಾಗದ ನೋಟ. ಕ್ರಿಶ್ಚಿಯನ್ ಹೈಗನ್ಸ್ 1675ರಲ್ಲಿ ಸುರುಳಿ ಸ್ಪ್ರಿಂಗಿನ ಬ್ಯಾಲೆನ್ಸನ್ನು ಪ್ರಕಟಿಸಿದ ನಂತರ ಮೂಲ ಕಲ್ಪನೆ ಬದಲಾಗಿಲ್ಲ. ಬದಲಾದದ್ದು ಲೋಹ. ಸಾದಾ ಉಕ್ಕಿನ ಸ್ಪ್ರಿಂಗ್ ಬಿಸಿಗೆ ಮೆತ್ತಗಾಗಿ, ಒಂದು ಡಿಗ್ರಿ ಏರಿದರೆ ದಿನಕ್ಕೆ ಹತ್ತು ಸೆಕೆಂಡಿನಷ್ಟು ಹಿಂದೆ ಬೀಳುತ್ತಿತ್ತು. ನಿಕ್ಕಲ್ ಉಕ್ಕಿನ ಮಿಶ್ರಲೋಹಗಳ ಮೇಲಿನ ಕೆಲಸಕ್ಕೆ ಶಾರ್ಲ್ ಎಡ್ವರ್ಡ್ ಗಿಯೋಮ್ 1920ರ ಭೌತಶಾಸ್ತ್ರದ ನೊಬೆಲ್ ಪಡೆದರು. ಆ ದಾರಿಯಲ್ಲಿ ಬಂದ ಸ್ಪ್ರಿಂಗುಗಳಿಂದಾಗಿ ನಾನು ಇವತ್ತು ಕೋಣೆಯ ಶಾಖವನ್ನು ಲೆಕ್ಕಕ್ಕೇ ಹಿಡಿಯದೆ ಓಟ ಅಳೆಯಬಹುದು.

ಬ್ಯಾಲೆನ್ಸ್ ಸೇತುವೆಯ (ಚಕ್ರವನ್ನು ಹಿಡಿದಿರುವ ಪಟ್ಟಿಯ) ಮೇಲೆ ಎರಡು ತೋಳುಗಳಿವೆ. ಒಂದು ರೆಗ್ಯುಲೇಟರ್. ಅದರ ಪಿನ್ನುಗಳು ಹೇರ್‌ಸ್ಪ್ರಿಂಗನ್ನು ಹಿಡಿಯುವ ಜಾಗದಿಂದ ಆಚೆಗಷ್ಟೇ ಸ್ಪ್ರಿಂಗ್ ಕೆಲಸ ಮಾಡುತ್ತದೆ. ಪ್ಲಸ್ ಕಡೆ ಸರಿಸಿದರೆ ಆ ಉದ್ದ ಗಿಡ್ಡವಾಗಿ ವಾಚು ಚುರುಕಾಗುತ್ತದೆ, ಮೈನಸ್ ಕಡೆ ಸರಿಸಿದರೆ ನಿಧಾನ. ಇನ್ನೊಂದು ತೋಳು ಸ್ಪ್ರಿಂಗಿನ ಹೊರತುದಿಯನ್ನು ಹಿಡಿದ ಸ್ಟಡ್ಡಿನದು. ಅದನ್ನು ಸರಿಸಿದರೆ ಬೀಟ್ ಎರರ್ ಬದಲಾಗುತ್ತದೆ, ಜೊತೆಗೆ ದರವೂ ಹಾರುತ್ತದೆ. ಎರಡನ್ನೂ ತಿದ್ದಬೇಕಿದ್ದರೆ ಸ್ಟಡ್ ಮೊದಲು, ರೆಗ್ಯುಲೇಟರ್ ಆಮೇಲೆ. ನನ್ನ 0.4 ಮಿಲಿಸೆಕೆಂಡಿಗೆ ಸ್ಟಡ್ ಮುಟ್ಟಲಿಲ್ಲ. ಒಂದು ಮಿಲಿಸೆಕೆಂಡ್ ದಾಟಿದ್ದರೆ ಯೋಚಿಸುತ್ತಿದ್ದೆ. 0.4ನ್ನು 0.1 ಮಾಡಿದರೆ ಪರದೆಯ ಮೇಲಿನ ಎರಡು ಗೆರೆಗಳು ಒಂದಾಗಿ ಚೆಂದ ಕಾಣುತ್ತವೆ, ಕೈಯಲ್ಲಿ ಕಟ್ಟಿದವರಿಗೆ ಏನೂ ತಿಳಿಯುವುದಿಲ್ಲ.

ಗುರಿ ಎಷ್ಟಿರಬೇಕು ಎಂಬುದನ್ನು ಮುಚ್ಚಳ ಬಿಚ್ಚುವ ಮೊದಲೇ ಬರೆದಿಟ್ಟುಕೊಂಡಿದ್ದೆ. ಟೈಮ್‌ಗ್ರಾಫರ್ ಮೇಲೆ ಮಲಗಿಸಿದ ವಾಚನ್ನು ಸೊನ್ನೆಗೆ ತಂದು ಮುಚ್ಚುವುದು ಸಹಜ ಎನಿಸುತ್ತದೆ. ಆದರೆ ನನ್ನ ವಾಚು ಡಯಲ್ ಮೇಲಿರುವಾಗ +19 ತೋರಿಸಿ ಕೈಯಲ್ಲಿ +15.4 ಓಡಿದ್ದು. ಮೇಜಿನ ಮೇಲೆ ಸೊನ್ನೆ ಮಾಡಿದರೆ ಕೈಯಲ್ಲಿ ದಿನಕ್ಕೆ ಮೂರೂವರೆ ಸೆಕೆಂಡಿನಷ್ಟು ಹಿಂದೆ ಬೀಳುತ್ತದೆ. ನನಗೆ ಬೇಕಾದದ್ದು ಕೈಯಲ್ಲಿ +2 ಅಥವಾ +3. ಆದ್ದರಿಂದ ಮೇಜಿನ ಮೇಲಿನ ಗುರಿ +6. ವಾಚು ಚೂರು ಮುಂದೆ ಓಡಲಿ ಎಂದು ಬಯಸುವುದಕ್ಕೆ ಸರಳ ಕಾರಣವಿದೆ. ಮುಂದಿರುವ ವಾಚಿನ ಕ್ರೌನ್ ಎಳೆದು ಮುಳ್ಳು ನಿಲ್ಲಿಸಿ, ನಿಜ ಸಮಯ ಬಂದು ಸೇರಿದಾಗ ಒತ್ತಿದರೆ ಮುಗಿಯಿತು. ಹಿಂದಿರುವುದಕ್ಕೆ ನಿಮಿಷದ ಮುಳ್ಳನ್ನೂ ತಿರುಗಿಸಿ ಮತ್ತೆ ಹೊಂದಿಸಬೇಕು.

ಕಡ್ಡಿಯ ತುದಿಯನ್ನು ತೋಳಿಗೆ ತಾಗಿಸಿ ಮೈನಸ್ ಕಡೆಗೆ ಒತ್ತಿದೆ. ಕಣ್ಣಿಗೆ ಏನೂ ಸರಿಯಲಿಲ್ಲ, ಪರದೆಯ ಮೇಲೆ +19 ಇದ್ದದ್ದು −7 ಆಯಿತು. ಈ ತೋಳಿನ ಸ್ವಭಾವವೇ ಹಾಗೆ, ಕಾಣದಷ್ಟು ಚಲನೆಗೆ ಹತ್ತಾರು ಸೆಕೆಂಡ್. ಒತ್ತುವುದನ್ನು ಬಿಟ್ಟು ತಟ್ಟಿದಂತೆ ಮುಟ್ಟಿದರೆ ಹಿಡಿತಕ್ಕೆ ಬರುತ್ತದೆ. ಪ್ಲಸ್ ಕಡೆ ಒಂದು ಮುಟ್ಟು, +11. ಮತ್ತೆ ಈಚೆ, +6. ಪ್ರತಿ ಮುಟ್ಟಿನ ನಂತರ ಕಡ್ಡಿ ದೂರ ಸರಿಸಿ ಸಂಖ್ಯೆ ನಿಲ್ಲುವವರೆಗೆ ಕಾಯಬೇಕು. ತೋಳನ್ನು ಅದುಮಿಕೊಂಡೇ ಓದಿದರೆ ಸುಳ್ಳು ಸಂಖ್ಯೆ ಬರುತ್ತದೆ. ಈ ಇಡೀ ಕೆಲಸದಲ್ಲಿ ನಿಜವಾದ ಅಪಾಯ ಒಂದೇ, ಕಡ್ಡಿ ಜಾರಿ ಹೇರ್‌ಸ್ಪ್ರಿಂಗಿಗೆ ತಾಗುವುದು. ಅದು ಬಾಗಿದರೆ ಮನೆಯಲ್ಲಿ ಸರಿಮಾಡುವ ಮಾತಿಲ್ಲ. ಆದ್ದರಿಂದ ಕೈಯನ್ನು ಮೇಜಿಗೆ ಊರಿ, ಜಾರಿದರೂ ಸ್ಪ್ರಿಂಗಿನಿಂದ ಹೊರಗೆ ಹೋಗುವ ದಿಕ್ಕಿನಿಂದಲೇ ಕಡ್ಡಿ ಹಿಡಿಯಬೇಕು.

ಆರು ಭಂಗಿಗಳ ಹೊಸ ಓದು ಮೊದಲಿನ ಕ್ರಮದಲ್ಲೇ: +6, +9, −4, +3, −1, +5. ಎಲ್ಲವೂ 13 ಇಳಿದಿವೆ, ಅಂತರ 13 ಹಾಗೇ ಇದೆ. ಗ್ಯಾಸ್ಕೆಟಿಗೆ ತೆಳುವಾಗಿ ಸಿಲಿಕೋನ್ ಸವರಿ, ಧೂಳು ಊದಿ, ಮುಚ್ಚಳ ಬಿಗಿದೆ. ಒತ್ತಡ ಪರೀಕ್ಷೆ ಮಾಡಿಸುವವರೆಗೆ ಈ ವಾಚಿಗೆ ನೀರು ತಾಗಿಸಕೂಡದು. ತೆರೆದ ಯಾವ ವಾಚಿಗೂ ಡಯಲ್ ಮೇಲೆ ಬರೆದ ಮೀಟರ್ ಸಂಖ್ಯೆ ಪರೀಕ್ಷೆಯಾಗುವವರೆಗೆ ಅನ್ವಯಿಸುವುದಿಲ್ಲ.

ಆಮೇಲಿನ ವಾರದ ಲೆಕ್ಕ: ಒಟ್ಟು 16 ಸೆಕೆಂಡ್ ಮುಂದೆ, ದಿನಕ್ಕೆ +2.3. ಕಡಿಮೆ ದಿನ 0, ಹೆಚ್ಚು ದಿನ +5. ಇದು ಕ್ರೊನೊಮೀಟರ್ ಆಯಿತೇ? ಇಲ್ಲ. ಶಾಖದ ಪರೀಕ್ಷೆ ಇದಕ್ಕೆ ಆಗಿಲ್ಲ, ಭಂಗಿಗಳ ಅಂತರ ಇನ್ನೂ ಅಗಲವಾಗಿಯೇ ಇದೆ. 24 ಗಂಟೆ ಕಟ್ಟದೇ ಬಿಟ್ಟು ಅಳೆದಾಗ ಡಯಲ್ ಮೇಲೆ 232 ಡಿಗ್ರಿಗೆ ಇಳಿದು ಓಟ ಸೊನ್ನೆಗೆ ಬಂತು, ಕ್ರೌನ್ ಕೆಳಗೆ −12. ಅಂದರೆ ವಾರಕ್ಕೆರಡು ದಿನ ಮಾತ್ರ ಕಟ್ಟುವವರ ಕೈಯಲ್ಲಿ ಇದೇ ವಾಚು ಹಿಂದೆ ಬೀಳುವ ವಾಚು. ನನ್ನ ಬಳಕೆಗೆ ಹೊಂದಿಸಿದ್ದು ನನ್ನ ಬಳಕೆಗೆ ಮಾತ್ರ ಸರಿ.

ಹಳೆಯ ಕೈಕೀಲಿ ವಾಚಿನದು ಬೇರೆ ಕಥೆ. ಗಂಟೆಗೆ 18,000 ಬೀಟಿನದು. ದಿನಕ್ಕೆ ಒಂದು ನಿಮಿಷದ ಸುತ್ತಮುತ್ತ ಹಿಂದೆ ಬೀಳುತ್ತದೆ. ರೆಗ್ಯುಲೇಟರ್ ಸರಳು ಉದ್ದವಾಗಿದೆ, ಸರಿಸುವುದು ಎನ್‌ಎಚ್35ಗಿಂತ ಎಷ್ಟೋ ಸುಲಭ. ಆದರೆ ವಾರದ ಲೆಕ್ಕ ಮೊದಲೇ ಬೇಡ ಎಂದಿತು. ಒಂದು ದಿನ −20, ಇನ್ನೊಂದು ದಿನ −95. ಟೈಮ್‌ಗ್ರಾಫರ್ ಕಾರಣ ಹೇಳಿತು. ಪೂರ್ತಿ ಕೀಲಿಯಲ್ಲೂ ಡಯಲ್ ಮೇಲೆ 205 ಡಿಗ್ರಿ, ಓಟ −35. ಕ್ರೌನ್ ಕೆಳಗೆ 165 ಡಿಗ್ರಿ, −130. ಇದರ ಲಿಫ್ಟ್ ಆ್ಯಂಗಲ್ 52 ಎಂದು ಇಟ್ಟು ಅಳೆದದ್ದು, ಐದಾರು ಡಿಗ್ರಿ ಆಚೀಚೆ ಇರಬಹುದು, ಆದರೂ ತೀರ್ಮಾನ ಬದಲಾಗದು. ಪರದೆಯ ಮೇಲೆ ಎರಡು ಗೆರೆಗಳಿರಬೇಕಾದ ಕಡೆ ಚುಕ್ಕಿಗಳು ಚೆಲ್ಲಾಪಿಲ್ಲಿ.

ಇಂಥ ವಾಚಿನ ರೆಗ್ಯುಲೇಟರನ್ನು ಪ್ಲಸ್ ಕಡೆ ತಳ್ಳಿ ಸರಾಸರಿಯನ್ನು ಸೊನ್ನೆಗೆ ತರಬಹುದು. ಹಾಗೆ ಮಾಡಿದರೆ ಒಳಗೆ ಎಣ್ಣೆ ಒಣಗಿ ಗಟ್ಟಿಯಾಗಿದೆ ಎಂಬ ಸುದ್ದಿಯನ್ನು ಮುಚ್ಚಿಟ್ಟಂತೆ. ಒಣಗಿದ ಎಣ್ಣೆಯಲ್ಲಿ ಧೂಳು ಸೇರಿ ಅಚ್ಚುಗಳನ್ನು ಸವೆಸುತ್ತಿರುತ್ತದೆ, ಓಟ ಸರಿ ಕಾಣುವುದರಿಂದ ನಾವು ದಿನಾ ಕಟ್ಟಿ ಇನ್ನಷ್ಟು ಸವೆಸುತ್ತೇವೆ. ಇದಕ್ಕೆ ಬೇಕಾದದ್ದು ಪೂರ್ತಿ ಬಿಚ್ಚಿ ತೊಳೆದು, ಸರಿಯಾದ ಜಾಗಕ್ಕೆ ಸರಿಯಾದ ಎಣ್ಣೆ ಹಾಕಿ, ಕೀಲಿಯ ಬಲ ಹಿಡಿದಿಡುವ ಮೈನ್‌ಸ್ಪ್ರಿಂಗ್ ದಣಿದಿದ್ದರೆ ಬದಲಿಸುವುದು. ಓಟ ಹೊಂದಿಸುವುದು ಅದರ ಕೊನೆಯ ಹೆಜ್ಜೆ, ಪ್ರತ್ಯೇಕ ಕೆಲಸವೇ ಅಲ್ಲ. ಹಾಗಾಗಿ ಇದನ್ನು ತೆರೆದು ನೋಡಲೂ ಇಲ್ಲ.

ರಿಪೇರಿಯವರ ಬಳಿ ಹೋಗುವಾಗ ಬರೀ ‘ಟೈಮ್ ಸರಿಮಾಡಿ’ ಎಂದರೆ, ಅವರಿಗೆ ಪುರುಸೊತ್ತಿಲ್ಲದ ದಿನವಾದರೆ, ಡಯಲ್ ಮೇಲೆ ಮಲಗಿಸಿ ಸೊನ್ನೆ ಮಾಡಿ ಕೊಟ್ಟಾರು. ಅದು ಅವರ ತಪ್ಪಲ್ಲ, ನಾವು ಕೇಳಿದ್ದೇ ಅಷ್ಟು. ಅದಕ್ಕೆ ಚೀಟಿಯಲ್ಲಿ ವಾರದ ಲೆಕ್ಕ, ರಾತ್ರಿ ವಾಚು ಇಡುವ ಭಂಗಿ, ಬಲಗೈಗೋ ಎಡಗೈಗೋ ಕಟ್ಟುವುದು, ದಿನಾ ಕಟ್ಟುತ್ತೇನೋ ಇಲ್ಲವೋ, ಇಷ್ಟನ್ನು ಬರೆದುಕೊಟ್ಟೆ. ಎಡಗೈಗೆ ಕಟ್ಟಿ ತೋಳು ಇಳಿಬಿಟ್ಟು ನಡೆಯುವವರ ವಾಚಿಗೆ ಕ್ರೌನ್ ಕೆಳಗಿನ ಭಂಗಿಯೇ ಹೆಚ್ಚು, ಬಲಗೈಯವರಿಗೆ ಕ್ರೌನ್ ಮೇಲಿನದು. ನನ್ನ ಎನ್‌ಎಚ್35ರಲ್ಲಿ ಈ ಎರಡರ ನಡುವೆಯೇ ಏಳು ಸೆಕೆಂಡ್ ವ್ಯತ್ಯಾಸವಿತ್ತು. ಕೆಲಸ ಮುಗಿದ ಮೇಲೆ ಕನಿಷ್ಠ ಮೂರು ಭಂಗಿಗಳ ದರ ಮತ್ತು ಆಂಪ್ಲಿಟ್ಯೂಡ್ ಬರೆದುಕೊಡಲು ಕೇಳಿದೆ. ಸಂತೋಷದಿಂದ ಒಪ್ಪಿದರು. ಈ ಪ್ರಶ್ನೆ ಕೇಳಿದಾಗ ಕಣ್ಣರಳಿಸುವವರ ಕೈಗೆ ವಾಚು ಕೊಡಲು ನನಗೆ ಹಿಂಜರಿಕೆ ಇರುವುದಿಲ್ಲ.

ಹಳೆಯ ವಾಚು ಈಗ ಅವರ ಬಳಿ ಇದೆ. ಬಂದ ಮೇಲೆ ಪೂರ್ತಿ ಕೀಲಿಯಲ್ಲಿ ಒಮ್ಮೆ, 24 ಗಂಟೆಯ ನಂತರ ಒಮ್ಮೆ ಆರೂ ಭಂಗಿಗಳನ್ನು ಅಳೆಯುತ್ತೇನೆ. ಮಲಗಿಸಿದಾಗ ಆಂಪ್ಲಿಟ್ಯೂಡ್ 260 ದಾಟಿ, ಒಂದು ದಿನದ ನಂತರವೂ 200ರ ಮೇಲೆ ನಿಂತರೆ, ಆಗ ಅದರ ಓಟದ ಬಗ್ಗೆ ಯೋಚಿಸಬಹುದು.